ಇಂದು ಯಾವ ವಾರ?

ಶಾಲೆಯಲ್ಲಿ ದಿನದ ಕೆಲಸ ತೊಡಗುವುದು ಕರಿಹಲಗೆಯ ಮೇಲ್ಮೂಲೆಯಲ್ಲಿ ವಾರವನ್ನೂ ತಾರೀಕನ್ನೂ ಬರೆಯುವುದರಿಂದ. ನಮ್ಮ ತಂದೆಯವರು ಈ ಕೆಲಸವನ್ನು 33 ವರ್ಷ ಮಾಡಿದರು; ಅವರ ಹಿಂದೆ ನಾವೂ ಅದನ್ನೇ ಮಾಡುತ್ತಿದ್ದೇವೆ. ಉಪಾಧ್ಯಾಯ ತರಬೇತಿಯ ಎರಡು ವರ್ಷಗಳಲ್ಲಿ ಅದರ ಪ್ರಯೋಜನವನ್ನು ಯಾರೂ ನಮಗೆ ಹೇಳಿಕೊಟ್ಟಿರಲಿಲ್ಲ. ಹೇಳಿಕೊಡತಕ್ಕ ವಿಷಯವೆಂದು ನಮಗೂ ತೋರಿರಲಿಲ್ಲ. 2020ನೆಯ ಇಸವಿಯ ಏಪ್ರಿಲಿನಲ್ಲಿ, ಶಾಲೆಗಳೆಲ್ಲ ಮುಚ್ಚಿದ್ದಾಗ, ಆಸ್ಪತ್ರೆಯ ಮಂಚವೊಂದರ ಬಳಿ ನಿಂತು ಒಬ್ಬರೇ ವಿದ್ಯಾರ್ಥಿಗಾಗಿ ಅದನ್ನು ಬರೆಯಬೇಕಾಗಿ ಬಂದಿತು. ಆ ವಿದ್ಯಾರ್ಥಿ ನಮ್ಮ ತಂದೆಯವರೇ.

ಸಂಪಾದಕ ಮಿತ್ರರು ಈ ಸಂಗತಿಯನ್ನು ಬರೆದುಕೊಡಿರೆಂದು ಹಿಂದೆಯೇ ಕೇಳಿದ್ದರು. ಬದುಕಿರುವವರ ಅಸ್ವಾಸ್ಥ್ಯವನ್ನು ಅವರ ಅನುಮತಿಯಿಲ್ಲದೆ ಊರಿಗೆ ಸಾರುವುದು ತರವಲ್ಲವೆಂದು ನಾವು ಸುಮ್ಮನಿದ್ದೆವು. ಈ ಸಲ ಕೇಳಿನೋಡಿದಾಗ ತಂದೆಯವರು, "ಬರೆಯುವುದಾದರೆ ತಪ್ಪಿಲ್ಲದೆ ಬರೆ" ಎಂದರು. ಅದನ್ನು ಒಪ್ಪಿಗೆಯೆಂದೇ ತಿಳಿದಿದ್ದೇವೆ.

ಅವರಿಗೆ ಆಗ 74ನೆಯ ವರ್ಷ. ಏಪ್ರಿಲ್ 2, ಗುರುವಾರ, ನಸುಕಿನಲ್ಲಿ ಬಚ್ಚಲಿನ ಹೊಸ್ತಿಲು ದಾಟುವಾಗ ಕಾಲು ಜಾರಿ ಎಡಮಗ್ಗುಲಿಗೆ ಬಿದ್ದರು. ಎತ್ತಲು ಹೋದರೆ ಎಡಗಾಲು ಗಿಡ್ಡವಾಗಿ ಹೊರಕ್ಕೆ ತಿರುಗಿಕೊಂಡಿತ್ತು. ಕಾಸರಗೋಡಿನಲ್ಲಿ ಎಕ್ಸ್-ರೇ ತೆಗೆದು, ತೊಡೆಯೆಲುಬು ಸೊಂಟವನ್ನು ಕೂಡುವಲ್ಲಿ ಮುರಿದಿದೆಯೆಂದೂ, ಶಸ್ತ್ರಕ್ರಿಯೆ ಆಗಲೇಬೇಕೆಂದೂ, ಒಂದೆರಡು ದಿನಗಳೊಳಗೆ ಆದರೆ ಒಳ್ಳೆಯದೆಂದೂ ಹೇಳಿದರು. ಬೇರೆ ಕಾಲದಲ್ಲಾಗಿದ್ದರೆ ಮುಂದಿನ ಆಲೋಚನೆಯೇ ಇರಲಿಲ್ಲ. ನಮ್ಮ ಸೀಮೆಯವರಿಗೆ ದೊಡ್ಡ ಬೇನೆಯೆಂದರೆ ಮಂಗಳೂರು. ಆದರೆ ಮಾರ್ಚ್ ಕೊನೆಯ ವಾರದಿಂದ ತಲಪಾಡಿಯಲ್ಲಿ ಹೆದ್ದಾರಿ ಮುಚ್ಚಿತ್ತು. ಒಳದಾರಿಗಳಿಗೆ ಮಣ್ಣು ಸುರಿದಿದ್ದರು. ವಿಷಯ ಸರ್ವೋಚ್ಚ ನ್ಯಾಯಾಲಯದ ತನಕ ಹೋಗಿ, ತುರ್ತು ರೋಗಿಗಳನ್ನು ತಪಾಸಣೆಮಾಡಿ ಬಿಡುವ ಏರ್ಪಾಡಾಗಿದೆಯೆಂದು ತಿಳಿದುಬಂದುದು ಏಪ್ರಿಲ್ 7ರಂದು. ಮುರಿದ ಎಲುಬು ಅಲ್ಲಿಯವರೆಗೆ ಕಾಯುವಂತಿರಲಿಲ್ಲ. ಆಂಬುಲೆನ್ಸು ದಕ್ಷಿಣಕ್ಕೆ ತಿರುಗಿತು. ಸುಮಾರು 90 ಕಿಲೋಮೀಟರು ಹೋಗಿ ಕಣ್ಣೂರಿನ ಕಡೆಯ ಆಸ್ಪತ್ರೆಯೊಂದನ್ನು ಸೇರಿದೆವು.

"ಈ ಪ್ರಾಯದಲ್ಲಿ ಕತ್ತಿ ತಾಗಿಸುವುದು ಬೇಡ" ಎಂದು ತಾಯಿಯವರು ಹೊರಡುವಾಗ ಹೇಳಿದ್ದರು. ಶಸ್ತ್ರಕ್ರಿಯೆ ಇಲ್ಲದಿದ್ದರೆ ಅವರು ಹಾಸಿಗೆಯಿಂದ ಏಳಲಾರರೆಂದು ವಾದಿಸಿ ಒಪ್ಪಿಸಿದವರು ನಾವು. ಕಾಗದಗಳಿಗೆ ರುಜುಹಾಕಿದವರೂ ನಾವೇ.

ಇಲ್ಲಿ 'ನಾವು' ಎಂಬುದರ ಬಗ್ಗೆ ಒಂದು ಮಾತು. ಹೀಗೆ ಬರೆಯುವುದು ಲೇಖಕರ ವಾಡಿಕೆಯೇನೋ ಸರಿ; ಆದರೆ ಆ ದಿನಗಳಲ್ಲಿ ರೋಗಿಯ ಜೊತೆಗೆ ಒಬ್ಬರನ್ನು ಮಾತ್ರ ಬಿಡುತ್ತಿದ್ದರು. ತಾಯಿಯವರು ಮನೆಯಲ್ಲಿ, ಅಕ್ಕ ಮಂಗಳೂರಿನಲ್ಲಿ, ಮಣ್ಣಿನ ದಿಣ್ಣೆಗಳ ಆಚೆ. ಕಿಸೆಯೊಳಗಿನ ಫೋನಿನಲ್ಲಿ ಇವರಿಬ್ಬರೂ ಹಗಲಿರುಳು ನಮ್ಮೊಡನೆ ಇದ್ದುದರಿಂದ ಬಹುವಚನ ಪೂರ್ತಿ ಸುಳ್ಳಲ್ಲ.

ಶನಿವಾರ ಬೆಳಗ್ಗೆ ಶಸ್ತ್ರಕ್ರಿಯೆ ಆಯಿತು. ಸೊಂಟದಿಂದ ಕೆಳಕ್ಕೆ ಮಾತ್ರ ಮರಗಟ್ಟಿಸಿ, ಮುರಿದ ಎಲುಬಿನ ತಲೆಯನ್ನು ತೆಗೆದು ಲೋಹದ ಗುಂಡನ್ನು ಕೂಡಿಸಿದರು. ಸಂಜೆ ತಂದೆಯವರು ಅರ್ಧ ಲೋಟ ಚಹಾ ಕುಡಿದು, "ಮುಗಿಯಿತಲ್ಲ, ನೀನು ಹೋಗಿ ಎಂತಾದರೂ ತಿನ್ನು" ಎಂದರು. ಮನೆಗೆ ಫೋನು ಮಾಡಿ, ಗಂಡಾಂತರ ದಾಟಿತೆಂದು ಹೇಳಿದೆವು. ಅಪಾಯವೆಂಬುದು ಇದ್ದರೆ ಆ ಮೇಜಿನ ಮೇಲೆಯೇ ಇರತಕ್ಕದ್ದೆಂದು ನಾವು ತಿಳಿದಿದ್ದೆವು. ಅಂಥ ತಿಳಿವಳಿಕೆಯಿಂದಲೇ ಮುಂದಿನ ಎರಡು ದಿನ ಕಣ್ಣಿದ್ದೂ ಕಾಣದವರಾದೆವು.

ಭಾನುವಾರ ರಾತ್ರಿ 9 ಗಂಟೆಗೆ ಮನೆಮನೆಯ ವಿದ್ಯುದ್ದೀಪಗಳನ್ನು ಆರಿಸಿ 9 ನಿಮಿಷ ಹಣತೆಯನ್ನೋ ಮೇಣದ ಬತ್ತಿಯನ್ನೋ ಹಚ್ಚಬೇಕೆಂದು ಪ್ರಧಾನಮಂತ್ರಿಗಳು ಕರೆಕೊಟ್ಟಿದ್ದುದು ವಾಚಕರಿಗೆ ನೆನಪಿರಬಹುದು. ಆಸ್ಪತ್ರೆಯ ದೀಪಗಳು ಆರಲಿಲ್ಲ. ಆದರೆ ಕಿಟಕಿಯ ಹೊರಗೆ ಎದುರುಸಾಲಿನ ಮನೆಗಳು ಒಮ್ಮೆಲೆ ಕತ್ತಲಾಗಿ, ಜಗಲಿಗಳಲ್ಲಿ ಸಣ್ಣ ಬೆಳಕುಗಳು ಮೂಡಿದವು. ತಂದೆಯವರು ಕತ್ತು ಹೊರಳಿಸಿ ನೋಡಿ, "ಇಷ್ಟು ದೀಪ ಇಟ್ಟಿದ್ದಾರೆ. ಇವತ್ತು ಎಂತ ಹಬ್ಬ?" ಎಂದು ಕೇಳಿದರು. ನಾವು ವಿವರಿಸಿದೆವು. ಅವರು ಕೇಳಿದಂತೆ ತಲೆಯಾಡಿಸಿ, "ಹಾಗಾದರೆ ನಾಳೆ ಮಕ್ಕಳಿಗೆ ರಜೆ ಸಾರಬೇಕು" ಎಂದರು. ನಾವು ನಕ್ಕೆವು. ನಿವೃತ್ತಿಯಾಗಿ 18 ವರ್ಷಗಳಾದ ಮಾಸ್ತರರ ವಿನೋದವೆಂದು ಭಾವಿಸಿದೆವು. ಅಕ್ಕನಿಗೂ ಅದನ್ನು ಹೇಳಿ ನಗಿಸಿದೆವು.

ಸೋಮವಾರ ಇಡೀ ದಿನ ಮಲಗಿದ್ದರು. ಗಂಜಿ ಎರಡು ಚಮಚ ಸೇರಿತು. ಕರೆದರೆ ಕಣ್ಣು ತೆರೆಯುವರು, ಮತ್ತೆ ಮುಚ್ಚುವರು. ದಣಿದ ದೇಹಕ್ಕೆ ನಿದ್ರೆ ಒಳ್ಳೆಯದೆಂದು ನಾವು ಕಾಲಬಳಿ ಕುಳಿತು ವರ್ತಮಾನಪತ್ರಿಕೆ ಓದಿದೆವು. ದಾದಿಯು ಬಂದು ಮಲಯಾಳದಲ್ಲಿ ಏನೇನೋ ಕೇಳಿದಳು, ಉತ್ತರ ಬರಲಿಲ್ಲ. "ಇವರಿಗೆ ಮಲಯಾಳಂ ಬಾರದೇನೋ" ಎಂದು ಅವಳು ತಾನೇ ಸಮಾಧಾನ ಹೇಳಿಕೊಂಡು ಹೋದಳು. ತಂದೆಯವರು ಅಡಿಕೆ ವ್ಯಾಪಾರಿಗಳೊಡನೆ 40 ವರ್ಷ ಮಲಯಾಳದಲ್ಲೇ ಚೌಕಾಸಿ ಮಾಡಿದವರೆಂಬುದನ್ನು ನಾವು ಅವಳಿಗೆ ಹೇಳಬೇಕಿತ್ತು. ಹೇಳಲಿಲ್ಲ. ಅದು ಮುಖ್ಯವೆಂದು ಹೊಳೆಯಲಿಲ್ಲ.

ಅಂದಿನ ರಾತ್ರಿಯನ್ನು ಹೇಗೆ ಬರೆಯುವುದು? ಎರಡು ಗಂಟೆಯ ಹೊತ್ತಿಗೆ ಅವರು ಎದ್ದು ಕುಳಿತು ಹಾಜರಿ ಕರೆಯತೊಡಗಿದರು. ಒಂದನೆಯ ಹೆಸರಿನಿಂದ ಹಿಡಿದು ಕ್ರಮವಾಗಿ, ಪ್ರತಿ ಹೆಸರಿಗೂ ತುಸು ನಿಂತು, ಉತ್ತರವಿಲ್ಲದಾಗ "ಗೈರು" ಎಂದು ಬೆರಳಿನಿಂದ ಹೊದಿಕೆಯ ಮೇಲೆ ಗುರುತುಹಾಕಿ. ಆ ಹೆಸರುಗಳಲ್ಲಿ ಕೆಲವನ್ನು ನಾವು ಬಲ್ಲೆವು. ಈಗ ಮೊಮ್ಮಕ್ಕಳನ್ನು ಕಂಡವರು. ಇಬ್ಬರು ತೀರಿಹೋಗಿದ್ದಾರೆ. ಎಲ್ಲರೂ ಗೈರುಹಾಜರಾದುದನ್ನು ಕಂಡು ಅವರಿಗೆ ಸಿಟ್ಟು ಬಂದಿತು. ಹೊರಟು ನಿಲ್ಲಲು ನೋಡಿದರು. ಆಪರೇಶನ್ ಆಗಿ ಮೂರನೆಯ ರಾತ್ರಿ! ಮಲಗಿಸಹೋದ ನಮ್ಮನ್ನು, "ನೀನು ಯಾರು? ಮುಖ ಯಾಕೆ ಮುಚ್ಚಿಕೊಂಡಿದ್ದಿ?" ಎಂದು ದೂಡಿದರು. ಕೈಗೆ ಚುಚ್ಚಿದ್ದ ಸೂಜಿಯನ್ನು ಕಿತ್ತರು. ರಕ್ತ ಹೊದಿಕೆಗೆಲ್ಲ ಹರಿಯಿತು. ದಾದಿಯರು ಇಬ್ಬರು ಓಡಿಬಂದರು. ಮತ್ತೊಮ್ಮೆ ಸೂಜಿ ಚುಚ್ಚಿ, ಕೈಗಳನ್ನು ಮಂಚದ ಕಂಬಿಗೆ ಕಟ್ಟಬೇಕಾಗುತ್ತದೆ, ನಿಮ್ಮ ಅಭ್ಯಂತರವಿಲ್ಲವಷ್ಟೆ ಎಂದು ಕೇಳಿದರು. ಅಭ್ಯಂತರವಿಲ್ಲವೆಂದೆವು. ಗಾಯದ ಪಟ್ಟಿಯ ಬಟ್ಟೆಯಿಂದ ಎರಡು ಮಣಿಕಟ್ಟುಗಳನ್ನೂ ಕಟ್ಟಿದರು. ಬೆಳಗಾಗುವ ತನಕ ಅವರು ಅದನ್ನು ಜಗ್ಗುತ್ತಿದ್ದ ಸದ್ದು ಕಂಬಿಯಲ್ಲಿ ಕೇಳುತ್ತಿತ್ತು. ತಾಯಿಯವರು ಐದು ಗಂಟೆಗೆ ಫೋನು ಮಾಡಿ ಹೇಗಿದ್ದಾರೆಂದು ಕೇಳಿದಾಗ, ನಿದ್ರೆಯಲ್ಲಿದ್ದಾರೆಂದು ಸುಳ್ಳಾಡಿದೆವು.

ಮಂಗಳವಾರ ಬೆಳಗ್ಗೆ ಬಂದ ವೈದ್ಯರು ಚಿಕ್ಕ ಪ್ರಾಯದವರು. "ಇದ್ ಎವಿಡೆಯಾಣ್? ಇನ್ನ್ ಏದ್ ದಿವಸಮಾಣ್?" ಎಂದು ಮೆಲ್ಲನೆ ಕೇಳಿದರು. ತಂದೆಯವರು ಅವರ ಮುಖಮುಚ್ಚಿಕೆಯನ್ನೇ ನೋಡುತ್ತ ಸುಮ್ಮನಿದ್ದರು. ಭಾಷೆ ತಿಳಿಯದವರೆಂದು ಹಿಂದಿನ ದಿನ ದಾದಿಯು ಹೇಳಿದ ಮಾತು ಅವರಿಗೂ ತಲಪಿತ್ತು. ಅವರು ನಮ್ಮ ಕಡೆ ತಿರುಗಿ, ನಿಮ್ಮ ಭಾಷೆಯಲ್ಲಿ ನೀವೇ ಕೇಳಿರಿ ಎಂದರು. ನಾವು ಕನ್ನಡದಲ್ಲಿ ಕೇಳಿದೆವು. ಹೆಸರು ಸರಿಯಾಗಿ ಹೇಳಿದರು. ಊರು ಸರಿ. ಯಾವ ತಾಲೂಕು? "ಕಾಸರಗೋಡು." ಯಾವ ಜಿಲ್ಲೆ? "ದಕ್ಷಿಣ ಕನ್ನಡ." ಯಾವ ರಾಜ್ಯ? "ಮದ್ರಾಸು." ನೀವು ಎಂತ ಮಾಡುತ್ತಿದ್ದೀರಿ? "ಐದನೇ ಕ್ಲಾಸು. ಇವತ್ತು ಲೆಕ್ಕದ ಪರೀಕ್ಷೆ."

1956ರ ಅಕ್ಟೋಬರ್ 31ರವರೆಗೆ ಈ ಉತ್ತರಗಳಿಗೆ ಪೂರ್ತಿ ಅಂಕ ಕೊಡಬೇಕಾಗುತ್ತಿತ್ತು. ಮರುದಿನ ರಾಜ್ಯಗಳ ಪುನರ್ವಿಂಗಡಣೆಯಲ್ಲಿ ನಮ್ಮ ತಾಲೂಕು ಕೇರಳಕ್ಕೆ ಸೇರಿತು. ತಂದೆಯವರು ಆಗ ಹತ್ತು ವರ್ಷದ ಹುಡುಗ. ವೈದ್ಯರಿಗೆ ಇದನ್ನು ತಿಳಿಸಿದಾಗ ಅವರ ಮುಖಚರ್ಯೆ ಬದಲಾಯಿತು. ಭಾಷೆ ತಿಳಿಯದ ಮೌನವೆಂದು ಬಗೆದದ್ದು ಬೇರೆಯೇ ಆಗಿತ್ತು. ರಕ್ತವನ್ನು ಕೂಡಲೇ ಪರೀಕ್ಷೆಗೆ ಕಳಿಸಿದರು. ಹೊಟ್ಟೆಯ ಕೆಳಭಾಗವನ್ನು ಒತ್ತಿನೋಡಿದರು. ರಕ್ತದಲ್ಲಿ 135ರಿಂದ 145ರ ಒಳಗಿರಬೇಕಾದ ಸೋಡಿಯಂ 119ಕ್ಕೆ ಇಳಿದಿತ್ತು. ಮೂತ್ರ ಕಟ್ಟಿಕೊಂಡು ಚೀಲ ಬಿಗಿದಿತ್ತು. ಇದನ್ನು ಕೇಳಿಕೊಂಡು ಹೇಳಬೇಕಾದ ಮನುಷ್ಯ ಐದನೆಯ ತರಗತಿಯಲ್ಲಿ ಲೆಕ್ಕ ಬರೆಯುತ್ತಿದ್ದನು!

ಶಿಕ್ಷಕ ಮಿತ್ರರಿಗೆ ಇಲ್ಲಿ ಒಂದು ಸಂಗತಿ ಹೊಳೆಯದಿರದು. ಕನ್ನಡವರಿಯದ ಅಧ್ಯಾಪಕರು ಕನ್ನಡ ಮಾಧ್ಯಮದ ತರಗತಿಗೆ ನೇಮಕಗೊಂಡ ಪ್ರಸಂಗಗಳನ್ನು ನಮ್ಮ ಜಿಲ್ಲೆಯಲ್ಲಿ ನಾವು ಕಂಡಿದ್ದೇವೆ. ಅಲ್ಲಿ ಮಗು ಸುಮ್ಮನೆ ಕುಳಿತಾಗ ಅದಕ್ಕೆ ಪಾಠ ಬಾರದೋ ಪ್ರಶ್ನೆ ತಿಳಿಯದೋ ಎಂಬುದು ಗುರುವಿಗೆ ಗೊತ್ತಾಗುವುದಿಲ್ಲ. ದಡ್ಡನೆಂದು ಹೆಸರಿಡುವುದು ಒಂದು ತಪ್ಪು. ಭಾಷೆಯ ತೊಡಕಷ್ಟೆ ಎಂದುಕೊಂಡು, ಮಗುವಿಗೆ ನಿಜವಾಗಿ ಕಿವಿ ಕೇಳಿಸುತ್ತಿಲ್ಲವೆಂಬುದನ್ನು ಬಿಟ್ಟುಬಿಡುವುದು ಇನ್ನೊಂದು. ಆಸ್ಪತ್ರೆಯಲ್ಲಿ ಆದುದು ಎರಡನೆಯದು. ದಾದಿಯನ್ನು ದೂರಲಾರೆವು. ಆಕೆಗೆ ಕನ್ನಡ ಬಾರದು. ನಮಗೆ ಎರಡೂ ಬರುತ್ತಿತ್ತು, ಮತ್ತು ನಾವು ಪತ್ರಿಕೆ ಓದುತ್ತಿದ್ದೆವು.

ಈ ಅವಸ್ಥೆಗೆ ವೈದ್ಯರು ಡೆಲಿರಿಯಂ ಎನ್ನುತ್ತಾರೆ. ನಮ್ಮ ಅಜ್ಜಿಯಂದಿರು ಸನ್ನಿ ಎನ್ನುತ್ತಿದ್ದರು. ಸೊಂಟದ ಎಲುಬು ಮುರಿದು ಶಸ್ತ್ರಕ್ರಿಯೆಗೊಳಗಾದ ವೃದ್ಧರಲ್ಲಿ ಇದು ಅಪರೂಪವಲ್ಲವಂತೆ. ನಾಲ್ವರಲ್ಲಿ ಒಬ್ಬರಿಗೆ ಬರುವುದುಂಟಂತೆ. ಹುಚ್ಚಲ್ಲ, ವರ್ಷಗಟ್ಟಲೆ ಮೆಲ್ಲನೆ ಬೆಳೆಯುವ ಮರೆವಿನ ರೋಗವೂ ಅಲ್ಲ. ಗಂಟೆಗಳಲ್ಲಿ, ದಿನಗಳಲ್ಲಿ ಬರುತ್ತದೆ, ಹಗಲು ಇಳಿದು ಇರುಳು ಏರುತ್ತದೆ. ಕೂಗಾಡುವ ಸನ್ನಿಯನ್ನು ಯಾರೂ ಗುರುತಿಸಿಯಾರು. ಸದ್ದಿಲ್ಲದೆ ಮಲಗಿಸಿಬಿಡುವ ಸನ್ನಿಯೂ ಒಂದುಂಟು. ಸೋಮವಾರ ಹಗಲು ನಾವು ವಿಶ್ರಾಂತಿಯೆಂದು ಭಾವಿಸಿದ್ದು ಅದನ್ನೇ. ನಮ್ಮ ತಂದೆಯವರ ವಿಷಯದಲ್ಲಿ ಕಾರಣಗಳು ಹಲವು ಕೂಡಿದ್ದವು. ರಕ್ತದೊತ್ತಡಕ್ಕೆಂದು ನುಂಗುತ್ತಿದ್ದ, ಮೂತ್ರದೊಡನೆ ಉಪ್ಪನ್ನೂ ಕಳೆಯುವ ಮಾತ್ರೆ, ಮೂರು ದಿನದ ಅರೆಹೊಟ್ಟೆ, ಕಟ್ಟಿದ ಮೂತ್ರ, ನೋವು, ರಾತ್ರಿಯೆಲ್ಲ ಉರಿಯುವ ದೀಪ. ಇವುಗಳ ಜೊತೆಗೆ ಇನ್ನೊಂದು, ಅದು ನಮ್ಮ ಚೀಲದಲ್ಲಿತ್ತು. ಶನಿವಾರ ಬೆಳಗ್ಗೆ ಶಸ್ತ್ರಕ್ರಿಯೆಗೆ ಒಯ್ಯುವಾಗ ಅವರ ಕನ್ನಡಕವನ್ನು ತೆಗೆದು ನಮ್ಮ ಕೈಯಲ್ಲಿ ಕೊಟ್ಟಿದ್ದರು. ಮಂಗಳವಾರ ವೈದ್ಯರು, "ಇವರಿಗೆ ಕಣ್ಣು ಕಾಣುತ್ತದೆಯೆ?" ಎಂದು ಕೇಳುವ ತನಕ ಅದು ಅಲ್ಲೇ ಇತ್ತು. ಅಪರಿಚಿತ ಕೋಣೆ, ಮಸುಕುಗಣ್ಣು, ಸುತ್ತಲೂ ಮೂಗುಬಾಯಿಗಳಿಲ್ಲದ ಮುಖಗಳು. ಬುದ್ಧಿ ನೆಟ್ಟಗಿದ್ದವರೂ ದಾರಿತಪ್ಪಿಯಾರು.

ವೈದ್ಯರು ಮೊದಲು ಮಾಡಿಸಿದ ಕೆಲಸ ಕೈಗಳ ಕಟ್ಟು ಬಿಚ್ಚಿಸಿದ್ದು. ಕಟ್ಟಿದಷ್ಟೂ ಭಯ ಹೆಚ್ಚುತ್ತದೆ, ಸೂಜಿಯ ಮೇಲೆ ಬಟ್ಟೆ ಸುತ್ತಿ ತೋಳಿನಲ್ಲಿ ಮರೆಮಾಡಿದರೆ ಸಾಕು, ಕಾಣದ್ದನ್ನು ಕೀಳುವುದಿಲ್ಲ ಎಂದರು. ಹಾಗೆಯೇ ಆಯಿತು. ಮೂತ್ರಕ್ಕೆ ನಳಿಗೆ ಹಾಕಿದರು. ಒತ್ತಡದ ಮಾತ್ರೆ ಬದಲಿಸಿದರು. ಸೋಡಿಯಂ ಒಮ್ಮೆಲೆ ಏರಿಸಿದರೆ ಮಿದುಳಿಗೇ ಹಾನಿಯಂತೆ. ಆದುದರಿಂದ ದಿನಕ್ಕೆ 8 ಮೀರದಂತೆ, ಆರು ಗಂಟೆಗೊಮ್ಮೆ ರಕ್ತ ನೋಡುತ್ತ ಏರಿಸಿದರು. ಬೇಗ ಗುಣವಾಗಲೆಂದು ಹಾತೊರೆಯುವವರಿಗೆ, ಬೇಗ ಗುಣಪಡಿಸುವುದೇ ಅಪಾಯವೆಂದು ಕೇಳುವುದು ಕಷ್ಟ. ಉಳಿದದ್ದು ನಿಮ್ಮ ಕೆಲಸವೆಂದು ವೈದ್ಯರು ನಮಗೆ ಹೇಳಿದರು: ಕನ್ನಡಕ ಹಾಕಿರಿ, ಹಗಲು ಕಿಟಕಿ ತೆರೆಯಿರಿ, ಗಡಿಯಾರ ತೋರಿಸಿರಿ, ಎಲ್ಲಿದ್ದಾರೆ, ಯಾವ ದಿನ ಎಂಬುದನ್ನು ನಿಮ್ಮ ಭಾಷೆಯಲ್ಲಿ ಹೇಳುತ್ತಲೇ ಇರಿ, ವಾದಮಾಡಬೇಡಿರಿ.

ಔಷಧದ ರಟ್ಟಿನ ಪೆಟ್ಟಿಗೆಯೊಂದನ್ನು ಬಿಚ್ಚಿ ಹಲಗೆಮಾಡಿದೆವು. ಬುಧವಾರ ಬೆಳಗ್ಗೆ ಅದರ ಮೇಲೆ ದಪ್ಪಕ್ಷರಗಳಲ್ಲಿ, ಒಂದನೆಯ ತರಗತಿಗೆ ಬರೆಯುವಂತೆ ಬರೆದೆವು: ಇಂದು ಬುಧವಾರ. 8 ಏಪ್ರಿಲ್ 2020. ಇದು ಆಸ್ಪತ್ರೆ. ಅಪ್ಪನ ಕಾಲಿನ ಶಸ್ತ್ರಕ್ರಿಯೆ ಆಗಿದೆ. ಮನೆಯಲ್ಲಿ ಎಲ್ಲರೂ ಕ್ಷೇಮ. ಮಂಚದ ಕಾಲ್ಬದಿಗೆ ಅದನ್ನು ಕಟ್ಟಿದೆವು. ದಾದಿಯರಿಲ್ಲದ ಸಮಯ ನೋಡಿ, ದೂರ ಸರಿದು ನಿಂತು, ಮುಖಮುಚ್ಚಿಕೆಯನ್ನು ಒಂದು ಗಳಿಗೆ ಕೆಳಗಿಳಿಸಿದೆವು. ಅವರು ನೋಡಿದರು. "ನೀನೋ?" ಎಂದರು. ಮರುಕ್ಷಣವೇ ಹಲಗೆಯನ್ನು ಓದಿ, "ಯಾರ ಅಪ್ಪ?" ಎಂದು ಕೇಳಿದರು.

ಸೋಡಿಯಂ 119ರಿಂದ 125ಕ್ಕೆ ಬಂದಿತೆಂದು ನಾವು ಹಿಗ್ಗಿದ ಅದೇ ರಾತ್ರಿ ಮತ್ತೆ ಹಾಜರಿ ಆರಂಭವಾಯಿತು. ಈ ಸಲ ನಾವು ಪ್ರತಿಯೊಂದು ಹೆಸರಿಗೂ "ಹಾಜರು" ಎಂದೆವು. ವಾದಮಾಡಬೇಡಿರೆಂದು ವೈದ್ಯರು ಹೇಳಿದ್ದಕ್ಕೆ ನಮಗೆ ತೋಚಿದ ಅರ್ಥವದು. ಸರಿಯೋ ತಪ್ಪೋ ತಿಳಿಯದು. ಕೊನೆಯ ಹೆಸರಾದ ಮೇಲೆ ಅವರು ಇಲ್ಲದ ಪುಸ್ತಕವನ್ನು ಮಡಿಚಿಟ್ಟು ಮಲಗಿದರು. ರಾತ್ರಿ ಪಾಳಿಯ ದಾದಿ ಕೊಟ್ಟಾಯದ ಕಡೆಯವಳು. ಅವಳು ಬಾಗಿಲಲ್ಲಿ ನಿಂತು ಇದನ್ನೆಲ್ಲ ಕೇಳಿ, ಮರುದಿನ ನಮ್ಮಿಂದ ಕನ್ನಡದ ಐದಾರು ಮಾತುಗಳನ್ನು ತನ್ನ ಕಿರುಪುಸ್ತಕದಲ್ಲಿ ಮಲಯಾಳದ ಅಕ್ಷರಗಳಲ್ಲಿ ಬರೆದುಕೊಂಡಳು. 'ನೀರು ಬೇಕಾ', 'ಉಸಿರು ಎಳೆಯಿರಿ', 'ಮಗ ಇಲ್ಲೇ ಇದ್ದಾನೆ'. 'ನೋವು' ಎಂಬುದನ್ನು ಅವಳು ಬರೆದುಕೊಳ್ಳಲಿಲ್ಲ. ಅದು ಅವಳ ಭಾಷೆಯಲ್ಲೂ ಇದೆ.

ಗುರುವಾರ, ಶುಕ್ರವಾರ ಹೀಗೆಯೇ ಸರಿದವು. ಬೆಳಗ್ಗೆ ಒಬ್ಬರು, ರಾತ್ರಿ ಬೇರೊಬ್ಬರು. ಇಬ್ಬರು ಹಿಡಿದು ಕುರ್ಚಿಯಲ್ಲಿ ಕುಳ್ಳಿರಿಸಿದಾಗ ಅಳುತ್ತಿದ್ದರು. ತಾಯಿಯವರಿಗೆ ಸತ್ಯ ಹೇಳದೆ ಉಪಾಯವಿರಲಿಲ್ಲ. "ಬೇಡವೆಂದು ನಾನು ಹೇಳಿರಲಿಲ್ಲವೋ?" ಎಂದರು, ಒಮ್ಮೆ ಮಾತ್ರ. ಆಮೇಲೆ ಫೋನನ್ನು ಅವರ ಕಿವಿಗೆ ಹಿಡಿಯಹೇಳಿ, ಮನೆಯ ದನ ಕರುಹಾಕಿದ್ದು, ಹಲಸಿನ ಮರದಲ್ಲಿ ಗುಜ್ಜೆ ಎಷ್ಟು ಎಂಬುದನ್ನೆಲ್ಲ ಅರ್ಧ ಗಂಟೆ ಮಾತಾಡಿದರು. ಅವರು ಹೀಗೆಯೇ ಉಳಿದರೆ ಏನು ಗತಿಯೆಂದು ನಾವು ಅಂಗಳದಲ್ಲಿ ನಿಂತು ಅಕ್ಕನೊಡನೆ ಮಾತಾಡಿದೆವು. ಕೆಲವರು ಮೊದಲಿನಂತಾಗುವುದೇ ಇಲ್ಲವೆಂದು ವೈದ್ಯರು ಮುಚ್ಚಿಡದೆ ಹೇಳಿದ್ದರು. ಅಕ್ಕ ಅತ್ತಳು, ಅತ್ತು, "ಶಸ್ತ್ರಕ್ರಿಯೆಯೇ ಬೇಡವಿತ್ತೆಂದು ಈಗ ನೀನು ಹೇಳಬೇಡ" ಎಂದು ನಮ್ಮನ್ನೇ ಗದರಿದಳು.

ಶನಿವಾರ, 11ನೆಯ ತಾರೀಕು, ನಿದ್ದೆಗೆಟ್ಟ ಕಣ್ಣಿನಲ್ಲಿ ಹೊಸದಾಗಿ ಹಲಗೆ ಬರೆದು ಕಟ್ಟಿ, ಹಲ್ಲುಜ್ಜಲು ಹೋದೆವು. ಬಂದಾಗ ತಂದೆಯವರು ಕನ್ನಡಕವನ್ನು ಮೂಗಿನ ಮೇಲೆ ಸರಿಮಾಡಿಕೊಂಡು ಅದನ್ನೇ ನೋಡುತ್ತಿದ್ದರು.

"ಕ್ರಿಗೆ ದೀರ್ಘ ಎಲ್ಲಿಂದ ಬಂತು?"

ನಮಗೆ ತಿಳಿಯಲಿಲ್ಲ. ಅವರು ಬೆರಳು ತೋರಿಸಿದರು. ಶಸ್ತ್ರಕ್ರಿಯೆ ಎಂಬುದನ್ನು ನಾವು 'ಶಸ್ತ್ರಕ್ರೀಯೆ' ಎಂದು ಬರೆದಿದ್ದೆವು.

"ನಾಲ್ಕನೇ ಕ್ಲಾಸಿನವರೂ ಹೀಗೆ ಬರೆಯುವುದಿಲ್ಲ. ನೀನು ಮಾಸ್ತ್ರು ಬೇರೆ" ಎಂದರು.

ತಿದ್ದಿದೆವು. ಸಂತೋಷಕ್ಕೆ ಕೈ ನಡುಗಿ ಎರಡನೆಯ ಸಲವೂ ಅಕ್ಷರ ಸೊಟ್ಟಗಾಯಿತು. ಆ ದಿನದ ಸೋಡಿಯಂ 134. ಯಾವುದು ಯಾವುದಕ್ಕೆ ಕಾರಣ, ಉಪ್ಪೋ ಕನ್ನಡಕವೋ ಹಲಗೆಯೋ ಎಂದು ಯಾರಾದರೂ ಕೇಳಿದರೆ, ಮುಖ್ಯವಾಗಿ ಉಪ್ಪೇ ಎಂದು ನಾವು ಒಪ್ಪುತ್ತೇವೆ. ಹಲಗೆಯನ್ನು ಮಾತ್ರ ಬಿಸಾಡದೆ ಇಟ್ಟುಕೊಂಡಿದ್ದೇವೆ.

ಬಿಸುವಿನ ದಿನ ಆಸ್ಪತ್ರೆಯಲ್ಲೇ ಇದ್ದು 16ರಂದು ಮನೆಗೆ ಬಂದೆವು. ಮೇ ತಿಂಗಳ ಕೊನೆಗೆ ನಾಲ್ಕು ಕಾಲಿನ ಊರುಗೋಲು ಹಿಡಿದು ಅಂಗಳದವರೆಗೆ ನಡೆದರು. ಈಗ ಒಂದು ಕೋಲು ಸಾಕು. ಕೆಲವು ತಿಂಗಳು ರಾತ್ರಿ ಎಚ್ಚತ್ತು ಎಲ್ಲಿದ್ದೇನೆಂದು ಕೇಳುತ್ತಿದ್ದರು. ಮಲಯಾಳ ಎಲ್ಲಕ್ಕಿಂತ ಕೊನೆಗೆ ಮರಳಿತು. ಜೂನಿನಲ್ಲಿ ಅಡಿಕೆಯ ವ್ಯಾಪಾರಿಯೊಡನೆ ಫೋನಿನಲ್ಲಿ ಜಗಳವಾಡುವುದನ್ನು ಕೇಳಿ ತಾಯಿಯವರು ಅಡುಗೆಮನೆಯಿಂದ ಹೊರಗೆ ಬಂದು ನಿಂತರು. ಲೆಕ್ಕದಲ್ಲಿ ಮಾತ್ರ ಈಗಲೂ ಅಲ್ಲಲ್ಲಿ ತಡವರಿಸುತ್ತಾರೆ. ಅದಕ್ಕೆ ವಯಸ್ಸು ಎಷ್ಟು, ಆ ವಾರ ಎಷ್ಟು ಎಂದು ವಿಂಗಡಿಸಲಾಗುವುದಿಲ್ಲ.

ಆಸ್ಪತ್ರೆಯ ದಿನಗಳು ಅವರಿಗೆ ನೆನಪಿಲ್ಲವೆಂದೇ ನಾವು ನಂಬಿದ್ದೆವು. ಆ ವರ್ಷದ ನವೆಂಬರಿನಲ್ಲಿ, ದೀಪಾವಳಿಯ ಸಂಜೆ, ಜಗಲಿಯಲ್ಲಿ ಹಣತೆಗಳನ್ನು ಇಡುತ್ತಿದ್ದಾಗ ಅವರು ಕುರ್ಚಿಯಲ್ಲಿ ಕುಳಿತು ಕೇಳಿದರು:

"ಅಲ್ಲಿಯೂ ಒಂದು ರಾತ್ರಿ ಹೀಗೆ ದೀಪ ಇಟ್ಟಿದ್ದರಲ್ಲ. ಅದು ಕನಸೋ?"

"ಅಲ್ಲ ಅಪ್ಪ, ನಿಜ. ಎದುರು ಮನೆಯವರು ಇಟ್ಟದ್ದು."

"ನನ್ನ ಕೈ ಕಟ್ಟಿದ್ದು?"

"ಅದೂ ನಿಜ."

"ಯಾರು?"

ದಾದಿಯರು ಎಂದು ಹೇಳಿದ್ದರೆ ಸುಳ್ಳಾಗುತ್ತಿರಲಿಲ್ಲ. "ಅವರು ಕೇಳಿದರು. ಕಟ್ಟಿ ಎಂದು ಹೇಳಿದ್ದು ನಾನು" ಎಂದೆವು.

ಅವರು ಎಡದ ಮಣಿಕಟ್ಟನ್ನು ಬಲಗೈಯಿಂದ ಒಮ್ಮೆ ಮುಟ್ಟಿ ನೋಡಿಕೊಂಡರು. "ಎಡಗೈಯದ್ದು ಸ್ವಲ್ಪ ಬಿಗಿಯಾಗಿತ್ತು" ಎಂದರು. ಆಮೇಲೆ ಮೂರನೆಯ ಹಣತೆಯಲ್ಲಿ ಎಣ್ಣೆ ಮುಗಿಯುತ್ತ ಬಂದುದನ್ನು ತೋರಿಸಿ, ಹಾಕೆಂದರು.